ನಿಮಗಿದು ಗೊತ್ತೇ? ಅಜ್ಜಯ್ಯನ ಕೈನಡುಕ, ಮೊಮ್ಮಗನ ಮಾತು, ನಡುವೆ ಒಂದು ಜೀನ್

● ಅಜ್ಜಯ್ಯನಿಗೆ ಕೈ ನಡುಗುತ್ತದೆ, ನಡೆಯುವಾಗ ಕಾಲು ತಪ್ಪುತ್ತದೆ. ಅವರ ಮಗಳಿಗೆ ನಲವತ್ತರೊಳಗೇ ಮುಟ್ಟು ನಿಂತಿದೆ. ಆಕೆಯ ಗಂಡುಮಗುವಿಗೆ ಮೂರು ತುಂಬಿದರೂ ಮಾತು ಬಂದಿಲ್ಲ. ಹಟ್ಟಿಯಂಗಡಿಯಂಥ ಊರಿನಲ್ಲಿ ಇಂಥ ಮನೆಯೊಂದಿದ್ದರೆ ಏನಾಗುತ್ತದೆ? ಅಜ್ಜಯ್ಯ ನರರೋಗದ ಡಾಕ್ಟರ ಹತ್ತಿರ, ಮಗಳು ಹೆಂಗಸರ ಡಾಕ್ಟರ ಹತ್ತಿರ, ಮಗು ಮಕ್ಕಳ ಡಾಕ್ಟರ ಹತ್ತಿರ. ಮೂರು ಫೈಲು, ಮೂರು ಚೀಟಿ. ಮೂರಕ್ಕೂ ಒಂದೇ ಜೀನ್ ಕಾರಣವಾಗಿರಬಹುದು ಎಂಬುದು ನಿಮಗೆ ಗೊತ್ತೇ? ಅದರ ಹೆಸರು ಎಫ್‌ಎಂಆರ್1. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

● ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಉದ್ದ ತೋಳಿನ ತುದಿಯ ಹತ್ತಿರ. ಉದ್ದ ಸುಮಾರು 38,000 ಡಿಎನ್‌ಎ ಅಕ್ಷರ. ಅದರಿಂದ ತಯಾರಾಗುವ ಎಫ್‌ಎಂಆರ್‌ಪಿ ಎಂಬ ಪ್ರೋಟೀನು, ಅದರ ಅತಿ ಉದ್ದದ ರೂಪದಲ್ಲಿ, 632 ಅಮೈನೋ ಆಮ್ಲಗಳ ಸರಪಳಿ. ಮಿದುಳಿನಲ್ಲಿ, ವೃಷಣ ಮತ್ತು ಅಂಡಾಶಯಗಳಲ್ಲಿ ಹೇರಳ.

● ಈ ಪ್ರೋಟೀನು ತಾನಾಗಿ ಏನನ್ನೂ ಕಟ್ಟುವುದಿಲ್ಲ. ಬೇರೆ ಪ್ರೋಟೀನುಗಳು ಯಾವಾಗ ತಯಾರಾಗಬೇಕು ಎಂದು ನಿರ್ಧರಿಸುವುದೇ ಅದರ ಕೆಲಸ.

ಸ್ವಲ್ಪ ಬಿಡಿಸಿ ಹೇಳಬೇಕು. ಡಿಎನ್‌ಎಯಲ್ಲಿರುವ ಬರಹದ ನಕಲು ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ರೈಬೋಸೋಮುಗಳು ಅದನ್ನು ಓದುತ್ತಾ ಪ್ರೋಟೀನು ಹೆಣೆಯುತ್ತವೆ. ಬೇರೆ ಕೋಶಗಳಲ್ಲಿ ಇದು ಬಹುಮಟ್ಟಿಗೆ ಹತ್ತಿರದಲ್ಲೇ ನಡೆದುಹೋಗುವ ಕೆಲಸ. ನರಕೋಶದ ಪಾಡು ಬೇರೆ. ಅದರ ರೆಂಬೆಗಳು ಕೋಶದ ಒಡಲಿನಿಂದ ಬಹುದೂರ ಚಾಚಿರುತ್ತವೆ, ಇನ್ನೊಂದು ನರಕೋಶದೊಡನೆ ಮಾತಾಡುವ ಸಂಧಿಗಳು, ಅಂದರೆ ಸಿನಾಪ್ಸುಗಳು, ಆ ರೆಂಬೆಗಳ ಮೇಲಿರುತ್ತವೆ. ಹೊಸದೇನನ್ನಾದರೂ ಕಲಿತಾಗ ಪ್ರೋಟೀನು ಬೇಕಾಗುವುದು ಅಲ್ಲಿ, ಅದೂ ಆ ಕ್ಷಣಕ್ಕೆ. ಹಾಗಾಗಿ ಆರ್‌ಎನ್‌ಎಯನ್ನು ಮೊದಲೇ ಅಲ್ಲಿಗೆ ಸಾಗಿಸಿ ಇಟ್ಟುಕೊಂಡಿರಬೇಕು. ಆದರೆ ಕರೆ ಬರುವವರೆಗೆ ರೈಬೋಸೋಮು ಅದನ್ನು ಓದಿ ಮುಗಿಸಬಾರದು. ಮದುವೆಮನೆಯಲ್ಲಿ ಅಡುಗೆಯವರು ನೀರುದೋಸೆಯ ಹಿಟ್ಟು ಕಲಸಿಟ್ಟು, ಕಾವಲಿ ಕಾಯಿಸಿಟ್ಟು, ಪಂಕ್ತಿ ಕೂರುವವರೆಗೆ ಹೊಯ್ಯದೆ ಕಾಯುತ್ತಾರಲ್ಲ, ಹಾಗೆ ತಡೆದು ನಿಲ್ಲಿಸುವುದು ಎಫ್‌ಎಂಆರ್‌ಪಿ. ಅದಿಲ್ಲದ ಮಿದುಳಿನಲ್ಲಿ ಉಣ್ಣುವವರು ಬಂದರೂ ಬಾರದಿದ್ದರೂ ದೋಸೆ ಬೀಳುತ್ತಲೇ ಇರುತ್ತದೆ.

● ಸಿನಾಪ್ಸಿನ ಬುಡದಲ್ಲೇ ರೈಬೋಸೋಮುಗಳ ಗುಂಪು ಇದೆ ಎಂದು ಆಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ 1982ರಲ್ಲಿ ತೋರಿಸಿದರು. ಅಷ್ಟು ದೂರದಲ್ಲಿ ಅವುಗಳಿಗೇನು ಕೆಲಸ ಎಂಬ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರಗಳಲ್ಲಿ ಎಫ್‌ಎಂಆರ್‌ಪಿ ಒಂದು.

● ಎಫ್‌ಎಂಆರ್‌ಪಿ ಆರ್‌ಎನ್‌ಎಯನ್ನು ಹಿಡಿದುಕೊಳ್ಳುವ ಪ್ರೋಟೀನು ಎಂದು ಗೊತ್ತಾದದ್ದು 1993ರಲ್ಲಿ. ಮಿದುಳಿನ ಸಂದೇಶವಾಹಕ ಆರ್‌ಎನ್‌ಎಗಳಲ್ಲಿ ನೂರಕ್ಕೆ ಸುಮಾರು ನಾಲ್ಕನ್ನು ಅದು ಹಿಡಿಯುತ್ತದೆ ಎಂದು ಆಗಲೇ ಅಂದಾಜಾಗಿತ್ತು. 2011ರಲ್ಲಿ ಜೆನಿಫರ್ ಡಾರ್ನೆಲ್ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಹುಡುಕಿ 842 ಆರ್‌ಎನ್‌ಎಗಳ ಪಟ್ಟಿ ಕೊಟ್ಟರು. ರೈಬೋಸೋಮು ಆರ್‌ಎನ್‌ಎ ಮೇಲೆ ಹತ್ತಿ ಅರ್ಧ ದಾರಿ ಬಂದ ಮೇಲೂ ಎಫ್‌ಎಂಆರ್‌ಪಿ ಅದನ್ನು ಅಲ್ಲೇ ನಿಲ್ಲಿಸಬಲ್ಲದು ಎಂಬುದು ಅವರು ಕಂಡ ಇನ್ನೊಂದು ಸಂಗತಿ.

● ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಕಾಯಿಲೆಗೆ ಸಾಕು. 304ನೇ ಜಾಗದಲ್ಲಿ ಐಸೋಲ್ಯೂಸಿನ್ ಇರಬೇಕಾದಲ್ಲಿ ಆಸ್ಪರಜಿನ್ ಬಂದ ಒಬ್ಬ ರೋಗಿಯ ವರದಿ 1993ರಲ್ಲಿ ಬಂತು. ಆತನಿಗೆ ತೀವ್ರ ರೂಪದ ಕಾಯಿಲೆಯೇ ಇತ್ತು. ಪ್ರೋಟೀನು ಇದ್ದೂ ಆರ್‌ಎನ್‌ಎಯನ್ನು ಸರಿಯಾಗಿ ಹಿಡಿಯಲಾರದಿದ್ದರೆ ಪ್ರಯೋಜನವಿಲ್ಲ.

● ಹಾಗಾದರೆ ಆ ಕಾಯಿಲೆ ಯಾವುದು? ಫ್ರಜೈಲ್ ಎಕ್ಸ್ ಸಿಂಡ್ರೋಮ್. ಆನುವಂಶಿಕವಾಗಿ ಬರುವ ಬೌದ್ಧಿಕ ಹಿನ್ನಡೆಗೆ ಅತಿ ಸಾಮಾನ್ಯ ಕಾರಣ ಇದೇ. ಡೌನ್ ಸಿಂಡ್ರೋಮ್ ಇದಕ್ಕಿಂತ ಹೆಚ್ಚು ಜನರಿಗಿದೆ, ಆದರೆ ಅದು ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವಂಥದ್ದಲ್ಲ. ಒಂದೇ ಜೀನಿನ ದೋಷದಿಂದ ಬರುವ ಆಟಿಸಂ ಎಂದು ಹುಡುಕಿದರೂ ಎಲ್ಲಕ್ಕಿಂತ ಹೆಚ್ಚು ಸಿಗುವುದು ಈ ಜೀನೇ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಗಂಡಸರಲ್ಲಿ ಸುಮಾರು 4,000ದಿಂದ 7,000ಕ್ಕೆ ಒಬ್ಬರಿಗೆ ಪೂರ್ಣ ಕಾಯಿಲೆ. ಮೈಮೇಲೆ ಏನೂ ಕಾಣದೆ ಅದನ್ನು ಹೊತ್ತುಕೊಂಡಿರುವ ಹೆಂಗಸರು ಮಾತ್ರ 150ರಿಂದ 300ಕ್ಕೆ ಒಬ್ಬರು. ಅಪರೂಪದ ಕಾಯಿಲೆ ಎಂದು ಪಕ್ಕಕ್ಕೆ ಸರಿಸುವವರು ಈ ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು.

● ಕಾಯಿಲೆಯ ಬೇರು ಮೂರು ಅಕ್ಷರಗಳಲ್ಲಿದೆ: ಸಿ, ಜಿ, ಜಿ. ಜೀನಿನ ಶುರುವಿನಲ್ಲಿ ಈ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 5ರಿಂದ 44 ಸಲ ಬಂದರೆ ಎಲ್ಲರಂತೆ. 45ರಿಂದ 54 ಅಂಚಿನ ಮೇಲೆ. 55ರಿಂದ 200ರವರೆಗೆ ಇದ್ದರೆ ‘ಪ್ರೀಮ್ಯುಟೇಶನ್’, ಅಂದರೆ ದೋಷದ ಹೊಸ್ತಿಲು. 200 ದಾಟಿದರೆ ಪೂರ್ಣ ದೋಷ. ಇಲ್ಲೊಂದು ವಿಚಿತ್ರವಿದೆ. 200 ದಾಟಿದರೂ ಜೀನ್ ಒಡೆದುಹೋಗಿರುವುದಿಲ್ಲ, ಪ್ರೋಟೀನಿನ ಬರಹದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಕೋಶವೇ ಆ ಭಾಗಕ್ಕೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಜೀನಿನ ಬಾಯಿ ಮುಚ್ಚಿಸಿಬಿಡುತ್ತದೆ. ತೀರಾ ಅಪರೂಪಕ್ಕೆ 200 ದಾಟಿಯೂ ಮೀಥೈಲ್ ಅಂಟದ ಗಂಡಸರಿದ್ದಾರೆ. ಅವರ ಬುದ್ಧಿಶಕ್ತಿಗೆ ಹೆಚ್ಚೇನೂ ಕುಂದಿಲ್ಲ!

● ಬಾಯಿ ಮುಚ್ಚುವುದು ಹುಟ್ಟಿದ ಮೇಲಲ್ಲ, ಗರ್ಭದಲ್ಲೇ. ಮೊದಮೊದಲು ಪಿಂಡದಲ್ಲಿ ಪ್ರೋಟೀನು ತಯಾರಾಗುತ್ತಿರುತ್ತದೆ. ಹತ್ತು-ಹನ್ನೆರಡು ವಾರದ ಹೊತ್ತಿಗೆ ನಿಂತುಹೋಗುತ್ತದೆ.

● ಸಿಜಿಜಿ ಸಾಲಿನ ನಡುವೆ ಅಲ್ಲಲ್ಲಿ ‘ಎಜಿಜಿ’ ಎಂಬ ಬೇರೆ ಮೂರಕ್ಷರ ಇರುತ್ತದೆ, ಸಾಮಾನ್ಯವಾಗಿ ಒಂಬತ್ತು-ಹತ್ತು ಸಿಜಿಜಿಗೆ ಒಂದು. ಈ ಎಜಿಜಿ ಇದ್ದಷ್ಟೂ ಸಾಲು ಮುಂದಿನ ತಲೆಮಾರಿನಲ್ಲಿ ಬೆಳೆಯುವುದು ಕಡಿಮೆ. ತಾಯಿಯಲ್ಲಿ ಸಿಜಿಜಿ ನೂರು ದಾಟಿದ್ದು, ಆ ಎಕ್ಸ್ ಮಗುವಿಗೆ ಬಂತೆಂದರೆ, ಮಗುವಿನಲ್ಲಿ ಅದು ಬಹುತೇಕ ಖಂಡಿತವಾಗಿ ಪೂರ್ಣ ದೋಷವಾಗುತ್ತದೆ.

● ಹೊಸ್ತಿಲ ದೋಷ ಪೂರ್ಣ ದೋಷವಾಗಿ ಬೆಳೆಯುವುದು ತಾಯಿಯಿಂದ ಮಗುವಿಗೆ ದಾಟುವಾಗ ಮಾತ್ರ. ತಂದೆಯಲ್ಲಿದ್ದರೆ ಅದು ಅವನ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಹೊಸ್ತಿಲ ಮಟ್ಟದಲ್ಲೇ. ಗಂಡುಮಕ್ಕಳಿಗೆ ಹೋಗುವುದೇ ಇಲ್ಲ, ಏಕೆಂದರೆ ಅವರಿಗೆ ಅಪ್ಪ ಕೊಡುವುದು ವೈ ಕ್ರೋಮೋಸೋಮು. ಪೂರ್ಣ ಕಾಯಿಲೆಯಿರುವ ಗಂಡಸಿನ ವೀರ್ಯಾಣುವಿನಲ್ಲಿ ಕೂಡ ಹೊಸ್ತಿಲ ಮಟ್ಟದ ಸಾಲೇ ಇರುತ್ತದೆ ಎಂದು 1993ರಲ್ಲೇ ಕಂಡುಕೊಂಡಿದ್ದಾರೆ.

● ಅಳಿಯಕಟ್ಟಿನ ಸೀಮೆಯವರಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ.

ಕುಂದಾಪುರದ ಕಡೆಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಬಳಿ, ಅಂದರೆ ವಂಶದ ಹೆಸರು, ಬರುವುದು ತಾಯಿಯ ಕಡೆಯಿಂದ. ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಇದಕ್ಕೇ ಆದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಮಾತು ಬದಲಾಯಿತು, ಬಳಿ ಉಳಿಯಿತು. ಭೂತಾಳಪಾಂಡ್ಯನ ಕಥೆಯಲ್ಲಿ ರಾಣಿ ಮಗನನ್ನು ಬಲಿಗೆ ಕೊಡಲು ಒಪ್ಪದಿದ್ದಾಗ ರಾಜನ ತಂಗಿ ತನ್ನ ಮಗನನ್ನು ಮುಂದೆ ಮಾಡಿದಳಂತೆ, ಅದರಿಂದಲೇ ಈ ಕಟ್ಟು ಹುಟ್ಟಿತಂತೆ.

ಈಗ ಎಕ್ಸ್ ಕ್ರೋಮೋಸೋಮಿನ ಲೆಕ್ಕ ನೋಡಿ. ಗಂಡಸಿನ ಎಕ್ಸ್ ಅವನ ಮಗನಿಗೆ ಹೋಗುವುದಿಲ್ಲ, ಪಾಲು ಸೊನ್ನೆ. ಅವನ ಎಕ್ಸ್‌ನ ಯಾವುದೇ ಒಂದು ತುಣುಕು ಅವನ ಒಡಹುಟ್ಟಿದವಳ ಮಗನಲ್ಲಿ ಸಿಗುವ ಸಂಭವ ನಾಲ್ಕರಲ್ಲಿ ಒಂದು. ತಾಯಿಯಿಂದ ಅದೇ ತುಣುಕು ತಂಗಿಗೂ ಬಂದಿರುವ ಸಂಭವ ಅರ್ಧ; ಅವಳಿಂದ ಅವಳ ಮಗನಿಗೆ ಅದೇ ದಾಟುವ ಸಂಭವ ಇನ್ನರ್ಧ. ಎಕ್ಸ್‌ನ ಮಟ್ಟಿಗೆ ಗಂಡಸಿಗೆ ಮಗನಿಗಿಂತ ಅಳಿಯನೇ ಹತ್ತಿರ! ಭೂತಾಳಪಾಂಡ್ಯನಿಗೆ ಕ್ರೋಮೋಸೋಮು ಗೊತ್ತಿತ್ತು ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸುವ ಮೊದಲು ಹೇಳಿಬಿಡುತ್ತೇನೆ, ಅವನಿಗೆ ಗೊತ್ತಿರಲಿಲ್ಲ. ಬಳಿಯೂ ಎಕ್ಸ್ ಕ್ರೋಮೋಸೋಮೂ ಒಂದೇ ದಾರಿಯಲ್ಲಿ ಹೋಗುವುದೂ ಇಲ್ಲ. ಅಪ್ಪನ ಎಕ್ಸ್ ಮಗಳಿಗೆ ಬರುತ್ತದೆ, ಅವನ ಬಳಿ ಬರುವುದಿಲ್ಲ. ಹಾಗಾಗಿ ಈ ಕಾಯಿಲೆಯ ಜಾಡು ಹುಡುಕುವಾಗ ತಾಯಿಯ ಬಳಿಯೊಂದನ್ನೇ ಕೆದಕಿದರೆ ಸಾಲದು, ತಾಯಿಯ ಅಪ್ಪನನ್ನೂ ವಿಚಾರಿಸಬೇಕು. ಮೊದಲು ಹೇಳಿದ ಅಜ್ಜಯ್ಯ ಅವರೇ.

● ಸಂಬಂಧದಲ್ಲಿ ಮದುವೆಯಾದ್ದರಿಂದಲೇ ಮಗುವಿಗೆ ಹೀಗಾಯಿತು ಎಂಬ ಮಾತು ನಮ್ಮಲ್ಲಿ ಬೇಗ ಬರುತ್ತದೆ. ಕೆಲವು ಕಾಯಿಲೆಗಳಿಗೆ ಅದು ನಿಜವೂ ಹೌದು: ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬರಬೇಕಾದ ಕಾಯಿಲೆಗಳು ರಕ್ತಸಂಬಂಧದಲ್ಲಿ ಹೆಚ್ಚು. ಫ್ರಜೈಲ್ ಎಕ್ಸ್ ಆ ಜಾತಿಯದಲ್ಲ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಆದ್ದರಿಂದ ಅಪ್ಪ ಸೋದರಮಾವನೋ ಅಪರಿಚಿತನೋ ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಹಾಗೆಂದು ತಾಯಿಯ ಕಡೆಗೆ ಬೆರಳು ತೋರಿಸುವವರಿಗೂ ಒಂದು ಮಾತು: ಆಕೆಗೆ ಬಂದದ್ದು ಹಿಂದಿನವರಿಂದ, ಯಾವ ಎಕ್ಸ್ ಮಗುವಿಗೆ ಹೋಗುತ್ತದೆ ಎಂಬುದು ಆಕೆಯ ಕೈಯಲ್ಲಿಲ್ಲ.

● ಹೆಣ್ಣುಮಕ್ಕಳಿಗೆ ಬರುವುದಿಲ್ಲವೇ? ಬರುತ್ತದೆ, ಹೆಚ್ಚಾಗಿ ಹಗುರವಾಗಿ. ಪೂರ್ಣ ದೋಷವಿರುವ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಕಲಿಕೆಯ ತೊಂದರೆ, ಉಳಿದವರಲ್ಲಿ ನಾಚಿಕೆ, ಆತಂಕ, ಲೆಕ್ಕದಲ್ಲಿ ಕಷ್ಟ, ಇಷ್ಟೇ ಇರಬಹುದು. ಹೆಂಗಸರ ಒಂದೊಂದು ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿಕೊಳ್ಳುತ್ತದೆ. ಯಾವುದು ಎಂಬುದು ಹುಟ್ಟುವ ಮೊದಲೇ ಯಾದೃಚ್ಛಿಕವಾಗಿ ನಿಶ್ಚಯವಾಗಿರುತ್ತದೆ. ಒಳ್ಳೆಯ ಎಕ್ಸ್ ಎಷ್ಟು ಕೋಶಗಳಲ್ಲಿ ತೆರೆದಿದೆಯೋ ಅಷ್ಟು ಬಚಾವು. ಈ ಮುಚ್ಚಿಕೊಳ್ಳುವಿಕೆಯನ್ನು 1961ರಲ್ಲಿ ಮೊದಲು ಹೇಳಿದವರು ಬ್ರಿಟನ್ನಿನ ಮೇರಿ ಲಿಯಾನ್. ಅದು ಹೇಗೆ ನಡೆಯಬಹುದು ಎಂದು 1973ರಲ್ಲಿ ಸ್ಪೆನ್ಸರ್ ಬ್ರೌನ್ ಜೊತೆ ಸೇರಿ ಒಂದು ಮಾದರಿ ಮುಂದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಕಟ್ಟಿದವರೂ ಅವರೇ.

● ಇದೇ ಜೀನಿನ ಕೊರತೆ ಒಂದು ಕಾಯಿಲೆ, ಅತಿಯಾಗುವುದು ಇನ್ನೊಂದು. ಪೂರ್ಣ ದೋಷದಲ್ಲಿ ಆರ್‌ಎನ್‌ಎ ತಯಾರಾಗುವುದೇ ಇಲ್ಲ. ಹೊಸ್ತಿಲ ದೋಷದಲ್ಲಿ ತದ್ವಿರುದ್ಧ, ಆರ್‌ಎನ್‌ಎ ಎರಡರಿಂದ ಎಂಟು ಪಟ್ಟು ಹೆಚ್ಚು. ಆ ಉದ್ದುದ್ದ ಸಿಜಿಜಿ ಹೊತ್ತ ಆರ್‌ಎನ್‌ಎಗಳೇ ಕೋಶಕ್ಕೆ ವಿಷವಾಗುತ್ತವೆ. ಅದರ ಫಲ ಮುಪ್ಪಿನಲ್ಲಿ ಕಾಣುವ ಕೈನಡುಕ ಮತ್ತು ತೂರಾಟ. ಅಮೆರಿಕದ ರಾಂಡಿ ಹ್ಯಾಗರ್‌ಮನ್ ಮತ್ತು ಸಂಗಡಿಗರು ಇದನ್ನು 2001ರಲ್ಲಿ ಐದು ಮಂದಿ ವೃದ್ಧರಲ್ಲಿ ವಿವರಿಸುವವರೆಗೆ ಹೊಸ್ತಿಲ ದೋಷದ ಗಂಡಸರು ಪೂರ್ತಿ ಆರೋಗ್ಯವಂತರು ಎಂದೇ ಎಲ್ಲರೂ ನಂಬಿದ್ದರು. ಐವತ್ತು ದಾಟಿದ ಅಂಥ ಗಂಡಸರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಇದು ಬರುತ್ತದೆ. ಪಾರ್ಕಿನ್ಸನ್ ಎಂದು ತಪ್ಪು ತಿಳಿಯುವುದೂ ಉಂಟು.

● ಹೊಸ್ತಿಲ ದೋಷದ ಹೆಂಗಸರಲ್ಲಿ ನೂರಕ್ಕೆ 20 ಮಂದಿಗೆ ನಲವತ್ತರೊಳಗೇ ಅಂಡಾಶಯ ಸೋಲುತ್ತದೆ. ಉಳಿದ ಹೆಂಗಸರಲ್ಲಿ ಅದು ನೂರಕ್ಕೆ ಒಂದು. ಸಿಜಿಜಿ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದುಕೊಂಡರೆ ತಪ್ಪು. ಎಲ್ಲಕ್ಕಿಂತ ಹೆಚ್ಚು ಅಪಾಯ ನಡುವಿನವರಿಗೆ, ಸುಮಾರು 70ರಿಂದ 100ರವರೆಗೆ ಇರುವವರಿಗೆ. ಮಕ್ಕಳಾಗಲಿಲ್ಲವೆಂದು ಸುತ್ತಾಡುವ ಎಷ್ಟು ಹೆಂಗಸರಿಗೆ ಈ ಪರೀಕ್ಷೆಯ ಹೆಸರನ್ನಾದರೂ ಹೇಳಲಾಗುತ್ತದೆ?

● ‘ಫ್ರಜೈಲ್’ ಎಂದು ಕರೆದದ್ದೇಕೆ ಎಂಬ ಕಥೆ ಪತ್ತೇದಾರಿ ಕಾದಂಬರಿಯಂತಿದೆ. ಲಂಡನ್ನಿನ ಜೇಮ್ಸ್ ಪರ್ಡನ್ ಮಾರ್ಟಿನ್ ಮತ್ತು ಜೂಲಿಯಾ ಬೆಲ್ 1943ರಲ್ಲಿ ಎರಡು ತಲೆಮಾರಿನಲ್ಲಿ 11 ಗಂಡಸರಿಗೆ ಬುದ್ಧಿಮಾಂದ್ಯವಿದ್ದ ಒಂದು ಕುಟುಂಬವನ್ನು ವರದಿ ಮಾಡಿ, ಇದು ತಾಯಂದಿರ ಮೂಲಕ ಬರುತ್ತಿದೆ ಎಂದರು. 1969ರಲ್ಲಿ ಹರ್ಬರ್ಟ್ ಲಬ್ಸ್ ಇನ್ನೊಂದು ಕುಟುಂಬದ ಗಂಡಸರ ಎಕ್ಸ್ ಕ್ರೋಮೋಸೋಮು ತುದಿಯಲ್ಲಿ ತುಂಡಾದಂತೆ ಕಾಣುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆಮೇಲೆ ಎಂಟು ವರ್ಷ ಹೆಚ್ಚುಕಡಿಮೆ ಮೌನ. ಬೇರೆ ಪ್ರಯೋಗಾಲಯಗಳಲ್ಲಿ ನೋಡಿದರೆ ತುಂಡು ಕಾಣದು.

ಆಸ್ಟ್ರೇಲಿಯಾದ ಗ್ರಾಂಟ್ ಸದರ್‌ಲ್ಯಾಂಡ್‌ಗೂ ಅದೇ ಗತಿಯಾಯಿತು. ಮೆಲ್ಬರ್ನ್‌ನಲ್ಲಿ ಕಾಣುತ್ತಿದ್ದ ತುಂಡು ಅಡಿಲೇಡ್‌ಗೆ ಹೋದ ಮೇಲೆ ಮಾಯ! ರಕ್ತಕೋಶಗಳನ್ನು ಬೆಳೆಸುವ ದ್ರಾವಣವೇ ಕಳ್ಳ ಎಂದು ಅವರು ಪತ್ತೆ ಮಾಡಿ 1977ರಲ್ಲಿ ಪ್ರಕಟಿಸಿದರು. ಹಳೆಯ ದ್ರಾವಣದಲ್ಲಿ ಫೋಲಿಕ್ ಆಮ್ಲ ಕಡಿಮೆ ಇತ್ತು, ಹೊಸ ಉತ್ತಮ ದ್ರಾವಣದಲ್ಲಿ ಹೇರಳ. ಕೋಶಗಳನ್ನು ಹಸಿವಿನಲ್ಲಿಟ್ಟರೆ ಮಾತ್ರ ಎಕ್ಸ್‌ನ ಆ ಜಾಗ ಸೀಳುತ್ತದೆ. ಪ್ರಯೋಗಾಲಯ ಸುಧಾರಿಸಿದ್ದರಿಂದಲೇ ಕಾಯಿಲೆ ಕಣ್ಮರೆಯಾದ ಉದಾಹರಣೆ ವಿಜ್ಞಾನದಲ್ಲಿ ಹೆಚ್ಚಿಲ್ಲ.

● ಹಾಗಾದರೆ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ಗುಣವಾಗುತ್ತದೆಯೇ? ಎಂಬತ್ತರ ದಶಕದಲ್ಲಿ ಕೊಟ್ಟು ನೋಡಿದರು. ಆಗಲಿಲ್ಲ.

● ಮೊಮ್ಮಗನ ಅಪಾಯ ಅಜ್ಜನ ಒಡಹುಟ್ಟಿದವರ ಅಪಾಯಕ್ಕಿಂತ ಹೆಚ್ಚು ಏಕೆ ಎಂದು ಸ್ಟೆಫನಿ ಶರ್ಮನ್ 1985ರ ಸುಮಾರಿಗೆ ಕೇಳಿದ್ದರು. ಕಾಯಿಲೆ ಹೊತ್ತೂ ಆರೋಗ್ಯವಾಗಿದ್ದ ಗಂಡಸಿನ ಅಣ್ಣತಮ್ಮಂದಿರಿಗೆ ನೂರಕ್ಕೆ 9, ಅವನ ಮಗಳ ಗಂಡುಮಕ್ಕಳಿಗೆ ನೂರಕ್ಕೆ 40. ಆಗಿನ ಆನುವಂಶಿಕತೆಯ ನಿಯಮದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ, ಹಾಗಾಗಿ ಇದಕ್ಕೆ ‘ಶರ್ಮನ್ ವಿರೋಧಾಭಾಸ’ ಎಂಬ ಹೆಸರು ಬಂತು. 1991ರಲ್ಲಿ ಬೆನ್ ಊಸ್ಟ್ರ, ಸ್ಟೀಫನ್ ವಾರನ್, ಡೇವಿಡ್ ನೆಲ್ಸನ್ ಅವರ ತಂಡಗಳು ಜೀನನ್ನು ಹಿಡಿದಾಗ ಒಗಟು ಬಿಚ್ಚಿಕೊಂಡಿತು: ತಲೆಮಾರಿನಿಂದ ತಲೆಮಾರಿಗೆ ದೋಷವೇ ಉದ್ದವಾಗುತ್ತಿತ್ತು.

● ನಮ್ಮ ಕಡೆಯ ಜನರ ಕೈಯೂ ಈ ಜೀನಿನ ಸಂಶೋಧನೆಯಲ್ಲಿದೆ. ಫ್ರಜೈಲ್ ಎಕ್ಸ್‌ನಲ್ಲಿ ನರಕೋಶದ ರೆಂಬೆಗಳ ಮೇಲಿನ ಮುಳ್ಳುಗಳು ಉದ್ದವೂ ತೆಳ್ಳಗೂ ಆಗಿ ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಪ್ಯಾಕ್ ಎಂಬ ಕಿಣ್ವವನ್ನು ತಡೆದರೆ ಇಲಿಗಳಲ್ಲಿ ಈ ಮುಳ್ಳುಗಳೂ ವರ್ತನೆಯೂ ಸ್ವಲ್ಪಮಟ್ಟಿಗೆ ಸರಿಹೋಗುತ್ತವೆ ಎಂದು 2007ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ನೊಬೆಲ್ ಪುರಸ್ಕೃತ ಸುಸುಮು ಟೊನೆಗಾವಾ ಅವರ ಜೊತೆ ಬೆಂಗಳೂರಿನ ಇಬ್ಬರಿದ್ದಾರೆ: ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ. ಭಯ, ಆತಂಕಗಳ ನೆಲೆಯಾದ ಅಮಿಗ್ಡಲಾದಲ್ಲಿ ಏನು ಏರುಪೇರಾಗುತ್ತದೆ ಎಂದು 2010ರಲ್ಲಿ ಅಪರ್ಣಾ ಸುವ್ರತನ್, ಚಟರ್ಜಿ ಮತ್ತು ನ್ಯೂಯಾರ್ಕಿನ ಸಂಗಡಿಗರು ತೋರಿಸಿದರು.

ಪ್ರೋಟೀನು ಹೆಣೆಯುವ ಕೆಲಸವನ್ನು ಎಫ್‌ಎಂಆರ್‌ಪಿ ತಡೆಯುವುದು ಹೇಗೆ, ಕರೆ ಬಂದಾಗ ಬಿಡುವುದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ರವಿ ಮುದ್ದಶೆಟ್ಟಿ ಪ್ರಮುಖರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿದ್ದಾಗ ಗ್ಯಾರಿ ಬ್ಯಾಸೆಲ್ ಮೊದಲಾದವರೊಡನೆ 2011ರಲ್ಲಿ ಪ್ರಕಟಿಸಿದ ಕೆಲಸದ ಸಾರ ಇದು: ಎಫ್‌ಎಂಆರ್‌ಪಿ ಮೇಲೆ ಒಂದು ಫಾಸ್ಫೇಟು ಕೂತಿರುವಾಗ ಅದು ಮಿಆರ್-125ಎ ಎಂಬ ಪುಟ್ಟ ಆರ್‌ಎನ್‌ಎಯ ನೆರವಿನಿಂದ ಪಿಎಸ್‌ಡಿ-95 ಎಂಬ ಸಿನಾಪ್ಸ್ ಪ್ರೋಟೀನಿನ ತಯಾರಿಯನ್ನು ತಡೆಯುತ್ತದೆ. ಸಂಕೇತ ಬಂದು ಫಾಸ್ಫೇಟು ಕಳಚಿತೆಂದರೆ ತಯಾರಿ ಶುರು. ಅಂದರೆ ತಡೆ ಕಾಯಂ ಅಲ್ಲ, ಬೇಕಾದಾಗ ಹಾಕಿ ಬೇಕಾದಾಗ ತೆಗೆಯುವಂಥದ್ದು. ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಅವರ ತಂಡ 2018ರಲ್ಲಿ ಇನ್ನೊಂದು ಹೊಸ ಸಂಗತಿ ಸೇರಿಸಿತು. ಎಫ್‌ಎಂಆರ್‌ಪಿ ಕೋಶಕೇಂದ್ರದ ಒಳಗೂ ಇದ್ದು, ರೈಬೋಸೋಮಿನದೇ ಆರ್‌ಎನ್‌ಎಗೆ ಮೀಥೈಲ್ ಗುರುತು ಬೀಳುವುದರ ಮೇಲೆ ಪ್ರಭಾವ ಬೀರುತ್ತದೆ. ಓದುವ ಯಂತ್ರದ ರಚನೆಯಲ್ಲೂ ಇದರ ಕೈವಾಡವಿದೆ ಎಂದಾಯಿತು.

● ಒಣಮೀನಿನ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ವಾಸನೆ ಗೊತ್ತಾಗುವುದೇ ನಿಲ್ಲುತ್ತದೆ. ಹಣ್ಣುನೊಣಕ್ಕೂ ಹೀಗೇ, ಒಂದೇ ವಾಸನೆ ದಿನಗಟ್ಟಲೆ ಬಂದರೆ ಒಗ್ಗಿಹೋಗುತ್ತದೆ. ಈ ದೀರ್ಘಕಾಲದ ಒಗ್ಗುವಿಕೆಗೆ ನೊಣದಲ್ಲೂ ಎಫ್‌ಎಂಆರ್‌ಪಿ ಬೇಕು, ಅದು ಅಟಾಕ್ಸಿನ್-2 ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ಕೆಲಸ ಮಾಡುತ್ತದೆ ಎಂದು 2014ರಲ್ಲಿ ತೋರಿಸಿದವರಲ್ಲಿ ಎನ್‌ಸಿಬಿಎಸ್‌ನ ಕೆ. ವಿಜಯರಾಘವನ್ ಮತ್ತು ಡಬ್ಲಿನ್‌ನ ಮಣಿ ರಾಮಸ್ವಾಮಿ ಸೇರಿದ್ದಾರೆ. ಫ್ರಜೈಲ್ ಎಕ್ಸ್ ಮಕ್ಕಳಿಗೂ ಸದ್ದು, ಬೆಳಕು, ಸ್ಪರ್ಶಗಳಿಗೆ ಒಗ್ಗುವುದು ಕಷ್ಟ. ಜಾತ್ರೆಯಲ್ಲಿ ಗರ್ನಾಲು ಸಿಡಿದಾಗ, ಯಕ್ಷಗಾನದ ಆಟದಲ್ಲಿ ಚೆಂಡೆ ಏರಿದಾಗ ಕಿವಿ ಮುಚ್ಚಿ ಅರಚುವ ಮಗುವನ್ನು ಹಟಮಾರಿ ಎನ್ನುವ ಮೊದಲು ಇದು ನೆನಪಿರಲಿ.

● ನೊಣಕ್ಕೆ ಈ ಜೀನ್ ಒಂದೇ. ನಮಗೆ ಮೂರು: ಎಫ್‌ಎಂಆರ್1ಗೆ ಎಫ್‌ಎಕ್ಸ್‌ಆರ್1, ಎಫ್‌ಎಕ್ಸ್‌ಆರ್2 ಎಂಬ ಇಬ್ಬರು ಒಡಹುಟ್ಟಿದವರು, ಮೂರನೆಯ ಮತ್ತು ಹದಿನೇಳನೆಯ ಕ್ರೋಮೋಸೋಮುಗಳಲ್ಲಿ.

● ಕೈ ಕುಲುಕಲು ಕೈ ಮುಂದೆ ಚಾಚುತ್ತಾನೆ, ಮುಖ ಮಾತ್ರ ಆಚೆ ತಿರುಗಿಸುತ್ತಾನೆ. ಫ್ರಜೈಲ್ ಎಕ್ಸ್ ಹುಡುಗರ ಈ ಭಂಗಿ ವೈದ್ಯರಲ್ಲಿ ಪ್ರಸಿದ್ಧ. ಸ್ನೇಹ ಬೇಡವೆಂದಲ್ಲ, ಕಣ್ಣಿಗೆ ಕಣ್ಣು ಕೊಡುವುದು ಅವರಿಗೆ ಸಹಿಸಲಾರದಷ್ಟು ಹೆಚ್ಚಾಗುತ್ತದೆ. ಉದ್ದ ಮುಖ, ದೊಡ್ಡ ಕಿವಿ, ಸಡಿಲ ಕೀಲುಗಳು, ಪ್ರಾಯಕ್ಕೆ ಬಂದ ಮೇಲೆ ದೊಡ್ಡದಾಗುವ ವೃಷಣ, ಇವು ಇತರ ಗುರುತುಗಳು. ಎಳೆಯ ಮಕ್ಕಳಲ್ಲಿ ಇದ್ಯಾವುದೂ ಎದ್ದು ಕಾಣದು. ಅಮೆರಿಕದಲ್ಲೂ ಹುಡುಗರಿಗೆ ಕಾಯಿಲೆ ಪತ್ತೆಯಾಗುವ ಸರಾಸರಿ ವಯಸ್ಸು ಸುಮಾರು ಮೂರು ವರ್ಷ. ‘ಅವನ ಅಪ್ಪನಿಗೂ ಮಾತು ತಡವಾಗಿತ್ತು’ ಎಂಬ ಸಮಾಧಾನ ನಮ್ಮಲ್ಲಿ ಇನ್ನೂ ಒಂದೆರಡು ವರ್ಷ ನುಂಗುತ್ತದೆ.

● ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಇನ್ನೂ ಅಚ್ಚರಿ, ಇವತ್ತಿನ ದುಬಾರಿ ಎಕ್ಸೋಮ್ ಸೀಕ್ವೆನ್ಸಿಂಗ್‌ನಲ್ಲೂ ತಪ್ಪಿಹೋಗುತ್ತದೆ! ಆ ಯಂತ್ರ ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಓದುವುದರಿಂದ ಒಂದೇ ಬಗೆಯ ನೂರಾರು ಸಿಜಿಜಿಗಳನ್ನು ಎಣಿಸಲಾರದು. ರಿಪೋರ್ಟು ‘ದೋಷವಿಲ್ಲ’ ಎಂದು ಬಂದರೆ ಫ್ರಜೈಲ್ ಎಕ್ಸ್ ಇಲ್ಲ ಎಂದು ಅರ್ಥವಲ್ಲ. ಎಫ್‌ಎಂಆರ್1 ಸಿಜಿಜಿ ಪರೀಕ್ಷೆ ಎಂದು ಹೆಸರು ಹೇಳಿಯೇ ಮಾಡಿಸಬೇಕು. ಅದಕ್ಕೆ ರಕ್ತ ಸಾಕು.

ಯಾರಿಗೆ ಮಾಡಿಸಬೇಕು? ಕಾರಣ ತಿಳಿಯದ ಬೆಳವಣಿಗೆಯ ಹಿನ್ನಡೆ ಅಥವಾ ಆಟಿಸಂ ಇರುವ ಮಗುವಿಗೆ, ನಲವತ್ತರೊಳಗೆ ಮುಟ್ಟು ನಿಂತ ಹೆಂಗಸರಿಗೆ, ಐವತ್ತರ ಮೇಲೆ ಕಾರಣವಿಲ್ಲದೆ ನಡುಕ, ತೂರಾಟ ಶುರುವಾದವರಿಗೆ. ಹಟ್ಟಿಯಂಗಡಿಯಿಂದ ತಲ್ಲೂರು, ಕುಂದಾಪುರ, ಬ್ರಹ್ಮಾವರ ದಾಟಿ ಹೋದರೆ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರದ ವಿಭಾಗವೇ ಇದೆ. ಎಷ್ಟೋ ರಾಜ್ಯಗಳ ಹಳ್ಳಿಗಳಿಗೆ ಈ ಅನುಕೂಲವಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ಬರುವ ತಂಡಗಳು ಬೆಳವಣಿಗೆಯ ಹಿನ್ನಡೆಯನ್ನೂ ನೋಡುತ್ತವೆ. ಮಾತು ಬಾರದ ಮಗುವನ್ನು ಆ ದಿನ ಮನೆಯಲ್ಲಿ ಕೂರಿಸಿಕೊಳ್ಳುವುದು ಬೇಡ.

● ಒಂದು ಮಗುವಿಗೆ ಪತ್ತೆಯಾದರೆ ತಾಯಿಯ ಅಕ್ಕತಂಗಿಯರಿಗೆ ಹೇಳಲೇಬೇಕು. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಮಾತು ಎಂದು ಬಲ್ಲೆ. ಆದರೂ ಗರ್ಭಿಣಿಯಾಗುವ ಮೊದಲು ತಿಳಿದರೆ ಅವರಿಗೆ ದಾರಿಗಳಿವೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯೇ ಇಂಥ ಆನುವಂಶಿಕ ಕಾಯಿಲೆಗೆ ನೋಂದಾಯಿತ ಕೇಂದ್ರದಲ್ಲಿ ಪ್ರಸವಪೂರ್ವ ಪರೀಕ್ಷೆಗೆ ಅವಕಾಶ ಇಟ್ಟಿದೆ.

● ಎಫ್‌ಎಂಆರ್1 ಎಂಬುದರಲ್ಲಿ ‘ಎಂಆರ್’ ಎಂದರೆ ಮೊದಲು ಬುದ್ಧಿಮಾಂದ್ಯ ಎಂದಿತ್ತು. ಕುಟುಂಬಗಳಿಗೆ ನೋವಾಗುತ್ತದೆಂದು ಇತ್ತೀಚೆಗೆ ಅದನ್ನು ಮೆಸೆಂಜರ್ ರೈಬೋನ್ಯೂಕ್ಲಿಯೋಪ್ರೋಟೀನ್ ಎಂದು ಬದಲಿಸಿದರು. ಅಕ್ಷರಗಳು ಹಾಗೇ ಉಳಿದವು.

● ಔಷಧಿ? ಇಲಿಗಳಿಗೆ ಬಹಳ ಇದೆ. 2004ರಲ್ಲಿ ಮಾರ್ಕ್ ಬೇರ್, ಕಿಂಬರ್ಲಿ ಹ್ಯೂಬರ್, ಸ್ಟೀಫನ್ ವಾರನ್ ಒಂದು ಸಿದ್ಧಾಂತ ಮಂಡಿಸಿದರು: ಎಂಗ್ಲುಆರ್5 ಎಂಬ ಗ್ರಾಹಕವು ಪ್ರೋಟೀನು ತಯಾರಿಕೆಯನ್ನು ಎಬ್ಬಿಸುತ್ತದೆ, ಎಫ್‌ಎಂಆರ್‌ಪಿ ತಡೆಯುತ್ತದೆ, ತಡೆಯುವವನಿಲ್ಲದಿದ್ದರೆ ಎಬ್ಬಿಸುವವನನ್ನೇ ತಗ್ಗಿಸೋಣ. ಇಲಿಗಳಲ್ಲಿ ಇದು ಸೊಗಸಾಗಿ ಫಲಿಸಿತು. ಆ ಗ್ರಾಹಕವನ್ನು ತಗ್ಗಿಸುವ ಮಾವೊಗ್ಲುರಾಂಟ್, ಬಾಸಿಮ್‌ಗ್ಲುರಾಂಟ್ ಎಂಬ ಔಷಧಿಗಳನ್ನು ಮನುಷ್ಯರಿಗೆ ಕೊಟ್ಟಾಗ ಫಲಿಸಲಿಲ್ಲ, ಪ್ರಯೋಗಗಳು ನಿಂತವು. 2021ರಲ್ಲಿ ಬೇರೊಂದು ದಾರಿಯ ಔಷಧಿ, ಜಾಟೊಲ್ಮಿಲಾಸ್ಟ್, 30 ವಯಸ್ಕ ಗಂಡಸರ ಸಣ್ಣ ಪ್ರಯೋಗದಲ್ಲಿ ಅರಿವಿನ ಪರೀಕ್ಷೆಗಳಲ್ಲಿ ಸುಧಾರಣೆ ತೋರಿಸಿತು. ಮೂವತ್ತು ಸಣ್ಣ ಸಂಖ್ಯೆ.

● 2019ರಲ್ಲಿ ಎಡಿನ್‌ಬರೋದ ಪೀಟರ್ ಕೈಂಡ್, ಎಮ್ಮಾ ವುಡ್ ಅವರ ತಂಡ ಬೆಂಗಳೂರಿನ ಚಟರ್ಜಿ ಅವರೊಡನೆ ಪ್ರಕಟಿಸಿದ ಕೆಲಸ ಕುತೂಹಲದ್ದು. ಎಫ್‌ಎಂಆರ್1 ಇಲ್ಲದ ಹೆಗ್ಗಣದ ಮರಿಗಳಿಗೆ ಐದರಿಂದ ಒಂಬತ್ತನೆಯ ವಾರದವರೆಗೆ ಮಾತ್ರ, ಕೊಲೆಸ್ಟ್ರಾಲಿಗೆ ಕೊಡುವ ಲೋವಾಸ್ಟಾಟಿನ್ ಕೊಟ್ಟರು. ಆಮೇಲೆ ನಿಲ್ಲಿಸಿದರೂ ಕಲಿಕೆಯ ಸುಧಾರಣೆ ಕನಿಷ್ಠ ಮೂರು ತಿಂಗಳು ಉಳಿಯಿತು. ಬೇಗ ಶುರು ಮಾಡಿದರೆ ಸ್ವಲ್ಪವೇ ಸಾಕಾಗಬಹುದು ಎಂಬ ಆಸೆ ಹುಟ್ಟಿತು.

ಅದೇ ಮಾತ್ರೆಯನ್ನು ಮಕ್ಕಳಿಗೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು. ಅರ್ಧ ಮಕ್ಕಳಿಗೆ ಲೋವಾಸ್ಟಾಟಿನ್, ಇನ್ನರ್ಧ ಮಕ್ಕಳಿಗೆ ಹುಸಿ ಮಾತ್ರೆ. ಎರಡೂ ಗುಂಪಿನ ತಂದೆತಾಯಿಯರಿಗೆ ಮಗುವಿನ ಜೊತೆ ಮಾತಾಡುವ, ಕಥೆ ಹೇಳುವ ತರಬೇತಿಯನ್ನು ವಿಡಿಯೋ ಕರೆಯಲ್ಲಿ ಕೊಟ್ಟಿದ್ದರು. ಕೊನೆಗೆ ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿನ ಮಕ್ಕಳ ಮಾತು ಸುಧಾರಿಸಿತ್ತು.